ಬೋರ್ಡ್ ಮೇಲೆ ನಿಲ್ಲುವುದು ಕೊನೆಯ ಕೆಲಸ: ಕಾಸರಗೋಡಿನ ಮರಳು ಕಡಲಲ್ಲಿ ಸರ್ಫಿಂಗ್ ಕಲಿಯುವ ಕ್ರಮ

"ಎದ್ದ ಕೂಡಲೇ ಬೀಳುತ್ತೇನೆ, ಏನು ಮಾಡಲಿ?" ಸರ್ಫಿಂಗ್ ಕಲಿಯಲು ಹೊರಟ ನಮ್ಮ ಕಡೆಯವರ ಪ್ರಶ್ನೆ ಹೆಚ್ಚುಕಡಿಮೆ ಇದೊಂದೇ. ವಿಡಿಯೋ ನೋಡಿರುತ್ತಾರೆ. ಮನೆಯ ಚಾಪೆ ಮೇಲೆ ಹಾರಿ ಹಾರಿ ಏಳುವ ಅಭ್ಯಾಸವನ್ನೂ ಮಾಡಿರುತ್ತಾರೆ. ನೀರಿಗಿಳಿದರೆ ಮಾತ್ರ ಬೋರ್ಡ್ ಒಂದು ಕಡೆ, ತಾವೊಂದು ಕಡೆ.

ನೋಡಿದರೆ ತಪ್ಪು ಏಳುವುದರಲ್ಲಿ ಇರುವುದು ಕಡಿಮೆ. ಅದಕ್ಕೂ ಮೊದಲೇ ಏನೋ ಕೆಟ್ಟಿರುತ್ತದೆ. ಹೋದ ದಿನ ಸರಿಯಿರುವುದಿಲ್ಲ, ನಿಂತ ಜಾಗ ಸರಿಯಿರುವುದಿಲ್ಲ, ಇಲ್ಲವೇ ಬೋರ್ಡ್ ಮೇಲೆ ಒಂದು ಗೇಣು ಹಿಂದೆ ಮಲಗಿರುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬೇಜಾರು ಅನಿಸಿದ ಹಂತವನ್ನಂತೂ ಬಿಡಲೇಬೇಡಿ.

ಈಜಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ತೋಟದ ಕೆರೆಯಲ್ಲೋ ಹೊಳೆಯ ಗುಂಡಿಯಲ್ಲೋ ಈಜು ಕಲಿತವರಿಗೆ ಕಡಲಿನ ನೀರು ಬೇರೆಯೇ. ನಿಲ್ಲದೆ 200 ಮೀಟರ್ ಈಜಲು, ಕಾಲು ತಾಗದ ನೀರಿನಲ್ಲಿ 10 ನಿಮಿಷ ತೇಲಿಕೊಂಡಿರಲು ಆಗದಿದ್ದರೆ ಮೊದಲು ಅದನ್ನು ಕಲಿಯಿರಿ. ಬೋರ್ಡ್ ಇದೆಯಲ್ಲ, ತೇಲಿಸುತ್ತದೆ ಅನ್ನುವ ಲೆಕ್ಕ ಬೇಡ. ಕಾಲಿಗೆ ಕಟ್ಟುವ ಹಗ್ಗ ಕಿತ್ತುಹೋದರೆ ಬೋರ್ಡ್ ನಿಮಗಿಂತ ಮೊದಲು ದಡ ಸೇರುತ್ತದೆ.

ಹಂತ 1: ದಿನ ಮತ್ತು ಹೊತ್ತು ಆರಿಸಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೋರ್ಡ್ ಅಟ್ಟದ ಮೇಲಿರಲಿ. ಮಳೆಗಾಲದ ಕಡಲು ಹೊಸಬರಿಗೆ ಅಲ್ಲ, ಅದರಲ್ಲಿ ಚರ್ಚೆಯೇ ಇಲ್ಲ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಕಲಿಯಲು ಒಳ್ಳೆಯ ಕಾಲ. ಡಿಸೆಂಬರ್, ಜನವರಿಯಲ್ಲಿ ಕೆಲವು ದಿನ ಅಲೆ ಮೊಣಕಾಲಿನ ಎತ್ತರವೂ ಇರುವುದಿಲ್ಲ. ಪರಿಣತರು ಅಂಥ ದಿನ ಮನೆಯಲ್ಲೇ ಕೂರುತ್ತಾರೆ. ನಿಮಗೆ ಬೇಕಾದ್ದು ಅದೇ ದಿನ.

ಏಪ್ರಿಲ್, ಮೇ ತಿಂಗಳಲ್ಲಿ ಸ್ವಲ್ಪ ಹುಷಾರು. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಕೆಲವು ದಿನಗಳಲ್ಲಿ ನಮ್ಮ ತೀರ ಮುಟ್ಟುತ್ತವೆ. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಆದರೂ ಕಡಲು ಉಕ್ಕಿ ತೆಂಗಿನ ಬುಡದವರೆಗೆ ಬರುತ್ತದೆ. ಮಲಯಾಳದಲ್ಲಿ ಕಳ್ಳಕ್ಕಡಲ್ ಅನ್ನುವುದು ಇದಕ್ಕೇ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ (INCOIS) ಸಂಸ್ಥೆ ಇದರ ಎಚ್ಚರಿಕೆ ಮುಂಚಿತವಾಗಿ ಕೊಡುತ್ತದೆ. ಹೊರಡುವ ಹಿಂದಿನ ರಾತ್ರಿ ಅದನ್ನು ನೋಡದೆ ಬೋರ್ಡ್ ಕಾರಿಗೆ ಕಟ್ಟಬೇಡಿ.

ಮುನ್ಸೂಚನೆಯಲ್ಲಿ ಎರಡು ಅಂಕಿ ನೋಡಿ: ಅಲೆಯ ಎತ್ತರ, ಮತ್ತು ಎರಡು ಅಲೆಗಳ ನಡುವಿನ ಸೆಕೆಂಡು. ಎತ್ತರ 0.5ರಿಂದ 0.8 ಮೀಟರ್ ಇದ್ದರೆ ಹೊಸಬರಿಗೆ ಸಾಕು. ಸೆಕೆಂಡು 13-14 ದಾಟಿದರೆ ಎತ್ತರ ಕಡಿಮೆ ಕಂಡರೂ ನೀರಿನ ತಳ್ಳು ಜಾಸ್ತಿ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಮುನ್ಸೂಚನೆಯಲ್ಲಿ ಬರೆದ ಎತ್ತರ ದೊಡ್ಡ ಅಲೆಯದ್ದಲ್ಲ. ಎಲ್ಲ ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಭಾಗದ ಸರಾಸರಿ ಅದು. ಅದರ ಸುಮಾರು ಎರಡು ಪಟ್ಟು ಎತ್ತರದ ಅಲೆಯೂ ನಡುವೆ ಒಂದು ಬರಬಹುದು. "ಒಂದು ಮೀಟರ್ ಅಂತ ಹಾಕಿದ್ದರು, ಇದೆಲ್ಲಿಂದ ಬಂತು?" ಅನ್ನುವ ದೂರಿಗೆ ಕಾರಣ ಇದೇ.

ಹೊತ್ತು ಬೆಳಗಿನದ್ದೇ ಆಗಲಿ. ಚಳಿಗಾಲದ ಮುಂಜಾನೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆಯ ಮೈ ನುಣ್ಣಗಿರುತ್ತದೆ. ಹತ್ತು, ಹನ್ನೊಂದು ಗಂಟೆಯ ಮೇಲೆ ಕಡಲಗಾಳಿ ಶುರುವಾದರೆ ನೀರು ಕಲಕಿ ಎಲ್ಲ ಕಡೆಯಿಂದ ನೊರೆ ಬರುತ್ತದೆ. ಮಧ್ಯಾಹ್ನ ಊಟ ಮಾಡಿ ಹೋದವರಿಗೆ ಕಲಿಯಲು ಆಗುವುದಿಲ್ಲ, ಕುಡಿಯಲು ಉಪ್ಪುನೀರು ಮಾತ್ರ ಸಿಗುತ್ತದೆ.

ಉಬ್ಬರ ಇಳಿತಕ್ಕೆ ಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಸೆಳೆತವೂ ಜೋರು. ಅಷ್ಟಮಿಯ ಹತ್ತಿರ ಏರಿಳಿತ ಕಡಿಮೆ. ಕಲಿಯಲು ಅಷ್ಟಮಿ, ನವಮಿ ಒಳ್ಳೆಯದು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೀರು ಪೂರ್ತಿ ಏರಿದಾಗ ಅಲೆ ದಡದ ಅಂಚಿನಲ್ಲೇ ಧಡ್ ಅಂತ ಬೀಳುತ್ತದೆ. ಏರಿಳಿತದ ನಡುವಿನ ಹೊತ್ತನ್ನು ಹಿಡಿಯಿರಿ.

ಹಂತ 2: ಜಾಗ ಆರಿಸಿ

ಹೊಸಬರಿಗೆ ಬೇಕಾದ್ದು ತಳದಲ್ಲಿ ಬರೀ ಮರಳು ಇರುವ, ನಿಧಾನವಾಗಿ ಆಳವಾಗುವ ಜಾಗ. ಮಂಜೇಶ್ವರದ ಕಡೆಯವರಿಗೆ ಕಣ್ವತೀರ್ಥದ ತೀರ ಹತ್ತಿರ, ತೆಂಕಿನವರಿಗೆ ಬೇಕಲ, ಕಾಪಿಲ್. ಹೆಸರು ನೋಡಿ ಇಳಿಯಬೇಡಿ, ಆ ದಿನದ ತಳ ನೋಡಿ. ಮಳೆಗಾಲದಲ್ಲಿ ಕಡಲು ಮರಳನ್ನು ಕೊರೆದು ಹೊರಗೆ ಒಯ್ಯುತ್ತದೆ, ಮಳೆ ಮುಗಿದ ಮೇಲೆ ತಂದು ಹಾಕುತ್ತದೆ. ಹೋದ ವರ್ಷ ಚಪ್ಪಟೆಯಿದ್ದ ಜಾಗ ಈ ವರ್ಷ ಮೂರು ಹೆಜ್ಜೆಗೆ ಕುತ್ತಿಗೆವರೆಗೆ ಬರಬಹುದು.

ಪರೀಕ್ಷೆ ಸುಲಭ. ಬೋರ್ಡ್ ದಡದಲ್ಲಿಟ್ಟು ಬರಿಗೈಯಲ್ಲಿ ನೇರ ನಡೆಯಿರಿ. ಸೊಂಟದ ನೀರು ಮುಟ್ಟಲು 30-40 ಹೆಜ್ಜೆ ಬೇಕಾದರೆ ಸರಿ. ಹತ್ತು ಹೆಜ್ಜೆಗೇ ಸೊಂಟ ಮುಳುಗಿದರೆ ಬೇರೆ ಕಡೆ ಹೋಗಿ. ಅಲೆ ಒಡೆಯುವ ಬಗೆಯನ್ನೂ ನೋಡಿ. ನೆತ್ತಿಯಿಂದ ನೊರೆ ಮೆಲ್ಲನೆ ಜಾರುತ್ತಾ ದೂರದವರೆಗೆ ಬಂದರೆ ಕಲಿಯುವ ಅಲೆ. ಸುರುಳಿ ಸುತ್ತಿ ಒಂದೇ ಏಟಿಗೆ ಮರಳಿಗೆ ಬಿದ್ದರೆ ಬೇಡ.

ನಮ್ಮ ಕರಾವಳಿಯಲ್ಲಿ ಮೂರು ಜಾಗಗಳಿಂದ ದೂರ ಇರಿ. ಒಂದು, ಅಳಿವೆ ಬಾಗಿಲು. ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಅಂತ ಹೆಜ್ಜೆಗೊಂದು ಹೊಳೆ ಕಡಲು ಸೇರುವ ಜಿಲ್ಲೆ ಇದು. ಇಳಿತದ ಹೊತ್ತಿಗೆ ಹೊಳೆನೀರೂ ಕಡಲನೀರೂ ಒಟ್ಟಾಗಿ ಹೊರಗೆ ಓಡುತ್ತವೆ. ಎರಡು, ಕಡಲ್ಕೊರೆತ ತಡೆಯಲು ಕಲ್ಲು ಹಾಕಿದ ಜಾಗ. ಕಲ್ಲಿನ ಪಕ್ಕದಲ್ಲೇ ಸೆಳೆತ ಹುಟ್ಟುತ್ತದೆ, ಸೆಳೆತ ಇಲ್ಲದಿದ್ದರೂ ಅಲೆ ನಿಮ್ಮನ್ನು ಕಲ್ಲಿಗೇ ತಂದು ಹಾಕುತ್ತದೆ. ಬೇಕಲ ಕೋಟೆಯ ಬುಡದ ಬಂಡೆಗಳೂ ಇದೇ ಲೆಕ್ಕ. ಮೂರು, ಬಲೆ ಎಳೆಯುವ, ದೋಣಿ ಇಳಿಸುವ ಜಾಗ. ಕೈರಂಪಣಿಯ, ಅಂದರೆ ದಡದಿಂದ ಎಳೆಯುವ ಬಲೆಯ, ಹಗ್ಗ ನೀರಿನೊಳಗೆ ಕಾಣುವುದಿಲ್ಲ. ಅದೂ ಅಲ್ಲದೆ ಅದು ಅವರ ಹೊಟ್ಟೆಪಾಡು, ನಮ್ಮದು ಆಟ.

ಇಳಿಯುವ ಮೊದಲು ಮೀನುಗಾರರನ್ನು ಒಂದು ಮಾತು ಕೇಳಿ. ಮಂಜೇಶ್ವರದ ಕಡೆಯಾದರೆ ತುಳುವಿನಲ್ಲಿ "ಅಣ್ಣಾ, ಇನಿ ನೀರ್ ಎಂಚ ಉಂಡು?" (ಇವತ್ತು ನೀರು ಹೇಗಿದೆ?) ಅಂದರೆ ಸಾಕು, ತೆಂಕಿಗೆ ಹೋದಂತೆ ಮಲಯಾಳ ಬೇಕಾಗುತ್ತದೆ. ಅವರು ಬೇಡ ಅಂದರೆ ಬೇಡ. ಮುನ್ಸೂಚನೆ ಏನೇ ಹೇಳಲಿ.

ಮೊದಲ ಪಾಠ ಕಲಿಸುವವರ ಹತ್ತಿರವೇ ಆಗಲಿ ಅನ್ನುವುದು ನನ್ನ ಮಾತು. ಮುಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಹೇಳಿಕೊಡುವವರಿದ್ದಾರೆ, ಮಂಗಳೂರಿನಿಂದ ಸುಮಾರು 30 ಕಿಲೋಮೀಟರ್. ಅಲ್ಲಿ ಬೋರ್ಡ್ ಕೂಡ ಅವರೇ ಕೊಡುತ್ತಾರೆ. ಒಂದೆರಡು ಬಾರಿ ಅಲ್ಲಿ ಕಲಿತು ಆಮೇಲೆ ನಮ್ಮ ತೀರದಲ್ಲಿ ಅಭ್ಯಾಸ ಮಾಡಿದರೆ ದುಡ್ಡೂ ಉಳಿಯುತ್ತದೆ, ಮೂಗೂ ಉಳಿಯುತ್ತದೆ.

ಹಂತ 3: ಸಾಮಾನು

ಬೋರ್ಡ್ 8ರಿಂದ 9 ಅಡಿಯದ್ದು, ಮೇಲೆ ಮೆತ್ತನೆ ಫೋಮ್ ಇರುವ ಸಾಫ್ಟ್ ಟಾಪ್. ಮೈತೂಕ 75 ಕೆಜಿ ದಾಟಿದ್ದರೆ 9 ಅಡಿಯದ್ದೇ ಇರಲಿ. ಚಿಕ್ಕ, ಚೂಪು ಮೂತಿಯ ಬೋರ್ಡ್ ನೋಡಲು ಚಂದ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಅದನ್ನು ತಂದವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ, ಏಕೆಂದರೆ ಅದು ಸಣ್ಣ ನೊರೆಯಲ್ಲಿ ನಿಮ್ಮನ್ನು ಹೊರುವುದೇ ಇಲ್ಲ.

ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್, ಬೋರ್ಡಿನಷ್ಟೇ ಉದ್ದ ಇರಬೇಕು. ಪ್ರತಿ ಸಲ ಅದನ್ನು ಬೆರಳಲ್ಲಿ ಸವರಿ ನೋಡಿ. ಬಿರುಕು ಸಿಕ್ಕರೆ ಬದಲಿಸಿ. ವೆಲ್ಕ್ರೋದಲ್ಲಿ ಮರಳು ತುಂಬಿದ್ದರೆ ಹಿಡಿಯುವುದಿಲ್ಲ, ತೊಳೆದು ಕಟ್ಟಿ. ಬೋರ್ಡಿನಡಿಯ ಫಿನ್, ಅಂದರೆ ಮೀನಿನ ರೆಕ್ಕೆಯಂಥ ತುಂಡು, ಅಲುಗಾಡುತ್ತಿದ್ದರೆ ದಡದಲ್ಲೇ ಬಿಗಿ ಮಾಡಿ.

ಮೈಗೆ ಅಂಟಿಕೊಳ್ಳುವ ತುಂಬುತೋಳಿನ ಈಜು ಅಂಗಿ ಬೇಕೇ ಬೇಕು, ಇಲ್ಲದಿದ್ದರೆ ಹೊಟ್ಟೆ, ಎದೆ ಉಜ್ಜಿ ಕೆಂಪಾಗುತ್ತದೆ. ಹತ್ತಿ ಅಂಗಿ, ಜೀನ್ಸ್ ಬೇಡ. ನಮ್ಮ ನೀರಿಗೆ ದಪ್ಪ ರಬ್ಬರ್ ಬಟ್ಟೆ ಯಾವ ತಿಂಗಳಲ್ಲೂ ಬೇಡ. ತಲೆಗೆ ತೆಂಗಿನೆಣ್ಣೆ ಹಾಕಿಕೊಂಡು ಬರಬೇಡಿ. ನಗುವ ವಿಷಯ ಅಲ್ಲ, ಆ ಎಣ್ಣೆ ಗಲ್ಲದಿಂದ ಬೋರ್ಡಿಗೆ, ಬೋರ್ಡಿನಿಂದ ಅಂಗೈಗೆ ಬಂದು ಏಳುವ ಹೊತ್ತಿಗೆ ಕೈ ಜಾರಿಸುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ಕೈಯನ್ನೂ ಮರಳಿಗೆ ಉಜ್ಜಿ ತೊಳೆದುಕೊಳ್ಳಿ.

ಹಂತ 4: ದಡದಲ್ಲಿ 20 ನಿಮಿಷ ಸುಮ್ನೆ ಕೂತು ನೋಡಿ

ಎಲ್ಲರೂ ಹಾರಿಸುವ ಹಂತ ಇದು. ಅಲೆಗಳು ಗುಂಪು ಗುಂಪಾಗಿ ಬರುತ್ತವೆ. ಐದು ನಿಮಿಷ ಸಣ್ಣವು, ಆಮೇಲೆ ಮೂರು ನಾಲ್ಕು ದೊಡ್ಡವು. ಸಣ್ಣದರ ಹೊತ್ತಿಗೆ ಬಂದು ನೋಡಿದವರು ಇಳಿದ ಮೇಲೆ ದೊಡ್ಡದಕ್ಕೆ ಸಿಕ್ಕಿಬೀಳುತ್ತಾರೆ.

ಸೆಳೆತ ಎಲ್ಲಿದೆ ಅಂತ ಹುಡುಕಿ. ದಡಕ್ಕೆ ಬಂದ ನೀರು ವಾಪಸ್ ಹೋಗಲು ಒಂದು ಓಣಿ ಮಾಡಿಕೊಳ್ಳುತ್ತದೆ. ರಿಪ್ ಕರೆಂಟ್ ಅನ್ನುವುದು ಅದನ್ನೇ. ಗುರುತುಗಳು ಹೀಗಿವೆ: ಎರಡೂ ಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ಒಡೆಯುವುದಿಲ್ಲ. ಅಲ್ಲಿನ ನೀರು ಸ್ವಲ್ಪ ಕಪ್ಪಾಗಿ, ಇಲ್ಲವೇ ಮರಳು ಕಲಕಿ ಕೆಂಪಾಗಿ ಕಾಣುತ್ತದೆ. ನೊರೆ, ಕಸ, ತೆಂಗಿನ ಸೋಗೆಯ ಚೂರು ದಡಕ್ಕೆ ಬರುವ ಬದಲು ಹೊರಗೆ ಹೋಗುತ್ತದೆ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಗೀರು ಅಲೆ ಎದ್ದಿರುತ್ತದೆ.

ಹೊಸಬರು ಮೋಸ ಹೋಗುವುದು ಇಲ್ಲೇ. ಅಲೆ ಒಡೆಯದ ಜಾಗ ಶಾಂತವಾಗಿ ಕಾಣುತ್ತದಲ್ವಾ? ಮಕ್ಕಳನ್ನೂ ಕರೆದುಕೊಂಡು ಅಲ್ಲೇ ಇಳಿಯುತ್ತಾರೆ. ಅನುಮಾನ ಇದ್ದರೆ ಒಂದು ಒಣ ಕಡ್ಡಿ ಎಸೆದು ಎತ್ತ ಹೋಗುತ್ತದೆ ನೋಡಿ. ನೊರೆ ಸಮನಾಗಿ ದಡಕ್ಕೆ ಬರುವ ಜಾಗವೇ ನಿಮ್ಮದು.

ಕೊನೆಗೆ ದಡದಲ್ಲಿ ಎರಡು ಗುರುತು ಹಿಡಿದುಕೊಳ್ಳಿ, ಒಂದು ತೆಂಗಿನಮರ, ಒಂದು ದೋಣಿ, ಯಾವುದಾದರೂ. ನೀರಿನಲ್ಲಿ ಪ್ರತಿ ಅಲೆಯಾದ ಮೇಲೆ ಅದರ ನೇರಕ್ಕೆ ಇದ್ದೀರಾ ನೋಡಿ. ಪಕ್ಕಕ್ಕೆ ಸರಿಯುತ್ತಿದ್ದರೆ ಹೊರಬಂದು ನಡೆದು ಮತ್ತೆ ಅದೇ ನೇರಕ್ಕೆ ಇಳಿಯಿರಿ.

ಹಂತ 5: ಮರಳಿನ ಮೇಲೆ ಅಭ್ಯಾಸ

ಬೋರ್ಡನ್ನು ಮರಳಿಗೆ ಒತ್ತಿ ಹಾರಿದರೆ ಫಿನ್ ಮುರಿಯುತ್ತದೆ. ಅದರ ಸುತ್ತ ಬೆರಳಲ್ಲಿ ಗೆರೆ ಎಳೆದು ಬೋರ್ಡ್ ಪಕ್ಕಕ್ಕಿಡಿ. ಆಕಾರದ ನಡುವೆ ಉದ್ದಕ್ಕೆ ಇನ್ನೊಂದು ಗೆರೆ ಎಳೆಯಿರಿ.

ಯಾವ ಕಾಲು ಮುಂದೆ ಅಂತ ಗೊತ್ತಾಗಲು ಗೆಳೆಯನಿಗೆ ಹಿಂದಿನಿಂದ ಹಠಾತ್ತನೆ ಮೆಲ್ಲಗೆ ತಳ್ಳಲು ಹೇಳಿ. ತಾನಾಗಿ ಮುಂದೆ ಬಂದ ಕಾಲೇ ಸಾಮಾನ್ಯವಾಗಿ ಬೋರ್ಡಿನ ಮುಂದಿನ ಕಾಲು. ಲೀಶ್ ಕಟ್ಟುವುದು ಹಿಂದಿನ ಕಾಲಿಗೆ.

ಈಗ ಗೆರೆಯ ಮೇಲೆ ಬೋರಲು ಮಲಗಿ. ಅಂಗೈಗಳನ್ನು ಕೆಳಗಿನ ಪಕ್ಕೆಲುಬಿನ ಪಕ್ಕ ಚಪ್ಪಟೆಯಾಗಿ ಊರಿ. ಬೋರ್ಡಿನ ಅಂಚು ಹಿಡಿಯುವ ಅಭ್ಯಾಸ ಬೇಡ, ಅಂಚು ಹಿಡಿದು ಎದ್ದರೆ ಬೋರ್ಡ್ ಓರೆಯಾಗುತ್ತದೆ. ಭುಜಂಗಾಸನದಲ್ಲಿ ಎತ್ತುವಂತೆ ಎದೆ ಎತ್ತಿ. ಹಿಂದಿನ ಪಾದವನ್ನು ಮೊದಲು ಅಡ್ಡ ಊರಿ, ಆಮೇಲೆ ಮುಂದಿನ ಪಾದವನ್ನು ಎರಡು ಕೈಗಳ ನಡುವೆ ತನ್ನಿ. ಕೈ ಬಿಡಿ. ಮೊಣಕಾಲು ಬಗ್ಗಿರಲಿ, ಕಣ್ಣು ಕಡಲಂಚಿನ ಮರದ ಮೇಲಿರಲಿ.

ಒಂದೇ ನೆಗೆತಕ್ಕೆ ಏಳಬೇಕು ಅನ್ನುವವರಿದ್ದಾರೆ. ಎಳೆಯ ಮೈಯವರಿಗೆ ಅದು ಸರಿ. ಉಳಿದವರಿಗೆ ಕಾಲು ಒಂದೊಂದಾಗಿ ತರುವುದೇ ಒಳ್ಳೆಯದು. ಮೊಣಕಾಲೂರಿ ಏಳುವುದು ಮಾತ್ರ ಬೇಡ. ಅದು ಒಮ್ಮೆ ಅಭ್ಯಾಸವಾದರೆ ಬಿಡಿಸುವುದು ಕಷ್ಟ.

ಎದ್ದ ಮೇಲೆ ಪಕ್ಕಕ್ಕೆ ಹೆಜ್ಜೆಯಿಟ್ಟು ಮರಳಿನಲ್ಲಿ ಮೂಡಿದ ಹೆಜ್ಜೆಗುರುತು ನೋಡಿ. ನಡುಗೆರೆ ಎರಡೂ ಪಾದದ ಹೊಟ್ಟೆಯಡಿ ಹಾದುಹೋಗಿದೆಯಾ? ಗೆರೆಯ ಒಂದೇ ಕಡೆಗೆ ಪಾದ ಇದ್ದರೆ ನೀರಿನಲ್ಲಿ ಅದೇ ಕಡೆಗೆ ಬೀಳುತ್ತೀರಿ. ಹಿಮ್ಮಡಿಯ ಗುರುತು ಆಳವಾಗಿದ್ದರೆ ಭಾರ ಹಿಂದಕ್ಕೆ ಹೋಗಿದೆ. ಪಾದಗಳ ನಡುವೆ ಭುಜದಗಲಕ್ಕಿಂತ ಸ್ವಲ್ಪ ಜಾಸ್ತಿ ಅಂತರ ಇರಬೇಕು. ಕನ್ನಡಿಗಿಂತ, ವಿಡಿಯೋಗಿಂತ ಮರಳು ಇದನ್ನು ಚೆನ್ನಾಗಿ ತೋರಿಸುತ್ತದೆ. ಗುರುತು ಅಳಿಸಿ ಮತ್ತೆ ಮಾಡಿ. ಸತತ ಹತ್ತು ಸಲ ಸರಿ ಬಂದ ಮೇಲೆ ನೀರಿಗೆ.

ಹಂತ 6: ನೀರಿಗಿಳಿದು ಮಲಗುವ ಜಾಗ ಹುಡುಕಿ

ಬೋರ್ಡ್ ನಿಮ್ಮ ಪಕ್ಕದಲ್ಲಿರಲಿ, ಮೂತಿ ಅಲೆಯ ಕಡೆಗಿರಲಿ. ಅಲೆಗೂ ನಿಮಗೂ ನಡುವೆ ಬೋರ್ಡ್ ಅಡ್ಡ ಬಂದರೆ ಅದು ನೇರ ಹಲ್ಲಿಗೆ ಬಡಿಯುತ್ತದೆ. ಲೀಶ್ ಅನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ಸೊಂಟದ ನೀರಿನಲ್ಲಿ ನಿಲ್ಲಿ, ಎದೆ ದಾಟಬೇಡಿ. ಪಾದವನ್ನು ಎತ್ತಿಡದೆ ಮರಳಿನಲ್ಲಿ ಎಳೆಯುತ್ತಾ ನಡೆಯಿರಿ, ಮರಳಡಿ ಮಲಗಿದ, ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು (ಸ್ಟಿಂಗ್‌ರೇ) ಸಪ್ಪಳಕ್ಕೆ ಸರಿದುಹೋಗುತ್ತದೆ.

ಅಲೆ ಇಲ್ಲದ ಹೊತ್ತಿನಲ್ಲಿ ಬೋರ್ಡ್ ಮೇಲೆ ಮಲಗಿ ಮೂತಿ ನೋಡಿ. ಅದು ನೀರಿನಿಂದ ಮೂರ್ನಾಲ್ಕು ಬೆರಳು ಮೇಲಿರಬೇಕು. ಮುಳುಗಿದ್ದರೆ ಸ್ವಲ್ಪ ಹಿಂದೆ ಸರಿಯಿರಿ. ಆಕಾಶ ನೋಡುತ್ತಿದ್ದರೆ ಮುಂದೆ ಸರಿಯಿರಿ. ಸರಿಯಾದ ಜಾಗ ಸಿಕ್ಕ ಮೇಲೆ ಗಲ್ಲ ಎಲ್ಲಿ ಬರುತ್ತದೋ ಅಲ್ಲಿ ಮಾರ್ಕರ್‌ನಿಂದ ಒಂದು ಚುಕ್ಕಿ ಹಾಕಿ, ಪ್ರತಿ ಸಲ ಗಲ್ಲ ಅಲ್ಲಿಗೇ ಬರಲಿ. "ಅಲೆ ನನ್ನನ್ನು ಬಿಟ್ಟು ಹೋಗುತ್ತದೆ" ಅನ್ನುವವರಲ್ಲಿ ಹೆಚ್ಚಿನವರು ಹಿಂದೆ ಮಲಗಿದವರು. "ಮೂತಿ ನೆಲಕ್ಕೆ ಚುಚ್ಚಿ ಮಗುಚುತ್ತೇನೆ" ಅನ್ನುವವರು ಮುಂದೆ ಮಲಗಿದವರು.

ಹಂತ 7: ಮಲಗಿಕೊಂಡೇ ನೊರೆ ಹಿಡಿಯಿರಿ

ಆಗಲೇ ಒಡೆದು ಐದಾರು ಮೀಟರ್ ಬಂದ ನೊರೆಯನ್ನು ಆರಿಸಿ. ಬೋರ್ಡನ್ನು ದಡಕ್ಕೆ ನೇರವಾಗಿ ತಿರುಗಿಸಿ, ಓರೆಯಿದ್ದರೆ ನೊರೆ ಅದನ್ನು ಮಗುಚುತ್ತದೆ. ನೊರೆ ಮೂರು ಬೋರ್ಡ್ ಉದ್ದದಷ್ಟು ದೂರ ಇರುವಾಗ ಮಲಗಿ ಕೈ ಹೊಡೆಯಲು ಶುರುಮಾಡಿ. ಹಿಂದಿನಿಂದ ತಳ್ಳು ಸಿಕ್ಕ ಮೇಲೂ ಇನ್ನೆರಡು ಸಲ ಕೈ ಹೊಡೆಯಿರಿ. ತಳ್ಳು ಸಿಕ್ಕ ಕೂಡಲೇ ನಿಲ್ಲಿಸುವುದರಿಂದಲೇ ಅರ್ಧ ಅಲೆಗಳು ತಪ್ಪಿಹೋಗುತ್ತವೆ.

ಮಲಗಿಕೊಂಡೇ ದಡದವರೆಗೆ ಬನ್ನಿ. ಎಡಕ್ಕೆ, ಬಲಕ್ಕೆ ಸ್ವಲ್ಪ ವಾಲಿ ಬೋರ್ಡ್ ತಿರುಗಿಸಿ. ಹಿಂದಕ್ಕೆ ಜಾರಿ ವೇಗ ತಗ್ಗಿಸಿ. ಮೊಣಕಾಲಿನ ನೀರು ಬಂದಾಗ ಪಕ್ಕಕ್ಕೆ ಇಳಿದುಬಿಡಿ, ಇಲ್ಲದಿದ್ದರೆ ಫಿನ್ ನೆಲಕ್ಕೆ ತಾಗಿ ನೀವು ಮುಂದಕ್ಕೆ ಹಾರುತ್ತೀರಿ. ಐದು ನೊರೆ ಸತತವಾಗಿ ನೇರ ತಂದರೆ ಮಾತ್ರ ಮುಂದಿನ ಹಂತ. ಮೊದಲ ದಿನ ಇಷ್ಟೇ ಆದರೂ ದಿನ ದಂಡವಲ್ಲ.

ಹಂತ 8: ಈಗ ಏಳಿ

ನೊರೆ ಬಡಿದ ಕ್ಷಣ ಬೋರ್ಡ್ ಕುಲುಕುತ್ತದೆ. ಆಗ ಏಳಬೇಡಿ. ಕುಲುಕು ನಿಂತು ಬೋರ್ಡ್ ನುಣ್ಣಗೆ ಓಡಲು ಶುರುವಾಗುವವರೆಗೆ "ಒಂದು, ಎರಡು" ಅಂತ ಎಣಿಸಿ, ಆಮೇಲೆ ಮರಳಿನ ಮೇಲೆ ಮಾಡಿದ್ದನ್ನೇ ಮಾಡಿ. ಅವಸರ ಬೇಡ, ನೊರೆ ಓಡಿಹೋಗುವುದಿಲ್ಲ.

ಬಿದ್ದರೆ ಹೇಗೆ ಬಿದ್ದಿರಿ ಅನ್ನುವುದನ್ನು ನೆನಪಿಡಿ. ಮುಂದಕ್ಕೆ ಬಿದ್ದರೆ ಕಣ್ಣು ಪಾದದ ಮೇಲಿತ್ತು. ಹಿಂದಕ್ಕೆ ಬಿದ್ದರೆ ಮುಂದಿನ ಪಾದ ಕೈಗಳ ನಡುವೆ ಬರಲೇ ಇಲ್ಲ. ಪಕ್ಕಕ್ಕೆ ಬಿದ್ದರೆ ಪಾದ ನಡುಗೆರೆ ಬಿಟ್ಟಿತ್ತು, ಇಲ್ಲವೇ ಅಂಚು ಹಿಡಿದಿದ್ದಿರಿ. ಎದ್ದು ಒಂದು ಕ್ಷಣ ನಿಂತು ಬಿದ್ದರೆ ಖುಷಿಯಲ್ಲಿ ಮೊಣಕಾಲು ನೆಟ್ಟಗೆ ಮಾಡಿದ್ದಿರಿ. ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ.

ಬೀಳುವುದನ್ನೂ ಕಲಿಯಬೇಕು. ತಲೆ ಕೆಳಗಾಗಿ ಧುಮುಕಬೇಡಿ. ಮರಳು ಮೆತ್ತಗೆ ಅಂತ ಅನಿಸುತ್ತದೆ, ಆದರೆ ಆಳವಿಲ್ಲದ ನೀರಿನಲ್ಲಿ ಕುತ್ತಿಗೆ ಮುರಿಯಲು ಅದು ಸಾಕು. ಬೆನ್ನು ಅಥವಾ ಪಕ್ಕೆಯ ಮೇಲೆ ಚಪ್ಪಟೆಯಾಗಿ ಬೀಳಿ. ಮೇಲೆ ಬರುವಾಗ ಎರಡೂ ಕೈ ತಲೆಯ ಮೇಲಿರಲಿ, ಏಕೆಂದರೆ ಬೋರ್ಡ್ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಯಾರಾದರೂ ಬಿದ್ದು ಕುತ್ತಿಗೆ ನೋವು, ಕೈಕಾಲು ಜೋಮು ಅಂದರೆ ಎಬ್ಬಿಸಿ ಕೂರಿಸಬೇಡಿ. ಮುಖ ನೀರಿನಿಂದ ಮೇಲಿರುವಂತೆ, ಕುತ್ತಿಗೆ ಅಲುಗದಂತೆ ಹಿಡಿದು 112ಕ್ಕೆ ಫೋನ್ ಮಾಡಿಸಿ.

ಹಂತ 9: ಸೆಳೆತಕ್ಕೆ ಸಿಕ್ಕರೆ

ದಡದ ಕಡೆ ಕೈ ಹೊಡೆದರೂ ತೆಂಗಿನಮರ ದೂರ ಹೋಗುತ್ತಿದೆ ಅಂದರೆ ಸೆಳೆತ ಹಿಡಿದಿದೆ. ಬೋರ್ಡ್ ಬಿಡಬೇಡಿ, ಅದರ ಮೇಲೆ ಮಲಗಿ. ಸೆಳೆತದ ಎದುರು ಈಜಬೇಡಿ, ಒಳ್ಳೆಯ ಈಜುಗಾರರೂ ಅದಕ್ಕೆ ಎದುರಾಗಿ ಸೋಲುತ್ತಾರೆ. ಅದು ನಿಮ್ಮನ್ನು ಹೊರಗೆ ಒಯ್ಯುತ್ತದೆ, ಕೆಳಗೆ ಎಳೆಯುವುದಿಲ್ಲ. ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುತ್ತಿರುವ ಕಡೆಗೆ ಕೈ ಹೊಡೆಯಿರಿ. ಅಲ್ಲಿಗೆ ಮುಟ್ಟಿದ ಮೇಲೆ ಮಲಗಿಕೊಂಡೇ ನೊರೆ ಹಿಡಿದು ದಡಕ್ಕೆ ಬನ್ನಿ. ಹಂತ 7 ಈಗ ಕೆಲಸಕ್ಕೆ ಬರುತ್ತದೆ. ಆಗದಿದ್ದರೆ ಸುಮ್ನೆ ತೇಲುತ್ತಾ ಒಂದು ಕೈ ಮೇಲೆತ್ತಿ ಬೀಸಿ.

ಹಾಗಾಗಿ ಒಬ್ಬರೇ ಹೋಗಬೇಡಿ. ದಡದಲ್ಲಿ ಫೋನ್ ಹಿಡಿದು ನಿಮ್ಮನ್ನೇ ನೋಡುವ ಒಬ್ಬರು ಬೇಕು, ರೀಲ್ಸ್ ನೋಡುವವರಲ್ಲ. 112 ಅಲ್ಲದೆ ಕರಾವಳಿ ರಕ್ಷಣಾ ಪಡೆಯ 1554 ಕೂಡ ಅವರ ಫೋನಿನಲ್ಲಿರಲಿ. ಅವರು ಹಿಂದೆಮುಂದೆ ನೋಡದೆ ನೀರಿಗೆ ಹಾರಬಾರದು. ತೇಲುವ ವಸ್ತು ಎಸೆಯಬೇಕು, ಮೀನುಗಾರರನ್ನು ಕೂಗಬೇಕು.

ಹಂತ 10: ಯಾವಾಗ ಹೊರಬರಬೇಕು

ತೋಳು ಸೋತು ಎದೆ ಎತ್ತಲು ಆಗದಿದ್ದರೆ ಅವತ್ತಿನ ಪಾಠ ಮುಗಿಯಿತು. "ಇನ್ನೊಂದೇ ಅಲೆ" ಅನ್ನುವಾಗಲೇ ಪೆಟ್ಟಾಗುವುದು ಜಾಸ್ತಿ. ಗಾಳಿ ತಿರುಗಿದರೆ, ಗುಡುಗು ಕೇಳಿದರೆ, ಪಕ್ಕಕ್ಕೆ ಸರಿಯುವುದು ಜಾಸ್ತಿಯಾದರೆ ಕೂಡಲೇ ಹೊರಬನ್ನಿ.

ತೊರಕೆಯ ಮುಳ್ಳು ಚುಚ್ಚಿದರೆ ಸಹಿಸುವಷ್ಟು ಬಿಸಿಯಿರುವ ನೀರಿನಲ್ಲಿ, ಸುಮಾರು 45 ಡಿಗ್ರಿ ದಾಟದಂತೆ, ಕಾಲು ಮುಳುಗಿಸಿಡಿ. ನೋವು ಇಳಿಯಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕಾಗಬಹುದು. ಆಮೇಲೆ ಡಾಕ್ಟರ್ ಹತ್ತಿರ ಹೋಗಿ, ಮುಳ್ಳಿನ ಚೂರು ಒಳಗೆ ಉಳಿದಿರಬಹುದು. ಜೆಲ್ಲಿಫಿಶ್ ತಾಗಿದರೆ ಮರಳಿನಿಂದ ಉಜ್ಜಬೇಡಿ, ಬಾಟಲಿಯ ಕುಡಿಯುವ ನೀರು ಸುರಿಯಬೇಡಿ. ಕಡಲನೀರಿನಲ್ಲೇ ತೊಳೆಯಿರಿ. ಉಸಿರಾಟ ಕಷ್ಟವಾದರೆ, ಮುಖ ಊದಿದರೆ ನೇರ ಆಸ್ಪತ್ರೆಗೆ.

ಹಂತ 11: ಒಡೆಯದ ಅಲೆಗೆ ಯಾವಾಗ?

ಹತ್ತು ನೊರೆಯಲ್ಲಿ ಏಳೆಂಟರಲ್ಲಿ ಎದ್ದು, ದಡದವರೆಗೆ ನಿಂತು, ಬೇಕಾದ ಕಡೆಗೆ ಬೋರ್ಡ್ ತಿರುಗಿಸಲು ಬಂದ ಮೇಲೆ. ಅದಕ್ಕೂ ಮೊದಲು ಹೊರಗೆ ಹೋದರೆ ಕಾಲು ತಾಗದ ನೀರಿನಲ್ಲಿ ಹಳೆಯ ತಪ್ಪುಗಳನ್ನೇ ಮಾಡುತ್ತೀರಿ. ಮೊದಲ ಸಲ ಅಲ್ಲಿಗೆ ಕಲಿಸುವವರ ಜೊತೆಗೇ ಹೋಗಿ. ಒಂದು ಅಲೆಗೆ ಒಬ್ಬರೇ. ಒಡೆಯುವ ತುದಿಗೆ ಹತ್ತಿರ ಇರುವವರದ್ದು ಆ ಅಲೆ, ಅವರು ಚಿಕ್ಕ ಹುಡುಗರಾದರೂ ಸರಿ.